‘ಮನುಷ್ಯರು ಮಾತ್ರ’ ಎಂದು ಹಾಕಿದ ಟಿಕ್ಕು

ಹರದನಹಳ್ಳಿಯ ಬಸ್ ಸ್ಟಾಪಿನಲ್ಲಿ ನಮ್ಮ ಪಕ್ಕದ ಮನೆಯ ಸಣ್ಣಮ್ಮ ನನ್ನನ್ನು ವರ್ಷಗಟ್ಟಲೆ ಒಂದೇ ಪ್ರಶ್ನೆ ಕೇಳಿದಳು. “ದಿನಾ ನಗರಕ್ಕೆ ಓಗಿ ಅದೇನವ್ವ ಉಡುಕ್ತೀಯೆ? ಇನ್ನೂವೆ ಸಿಕ್ನಿಲ್ವಾ?” ಮೊದಮೊದಲು ವಿವರಿಸಲು ಹೋಗುತ್ತಿದ್ದೆ. ಆಮೇಲೆ ಸಾಕಾಗಿ, “ಇಲ್ಲ ಕಣಕ್ಕ, ನಾಳೆ ಸಿಕ್ಬೋದು” ಎಂದು ಬಸ್ಸು ಹತ್ತಿಬಿಡುತ್ತಿದ್ದೆ. ನಿವೃತ್ತಿಯ ದಿನ ಶಾಲು, ಹಾರ ಹಿಡಿದುಕೊಂಡು ಬಸ್ಸಿಳಿದಾಗಲೂ ಅವಳು ಅಲ್ಲೇ ನಿಂತಿದ್ದಳು. “ಕೊನ್ಗೂ ಸಿಕ್ತಾ?” ಅಂದಳು. ಶಾಲು ತೋರಿಸಿದೆ.

ಈಗ ಗ್ರಂಥಾಲಯ ವಿಜ್ಞಾನ ಓದಿ ಇದೇ ಕೆಲಸಕ್ಕೆ ಸೇರುವ ಮಕ್ಕಳು ನನಗೆ ಫೋನ್ ಮಾಡುತ್ತಾರೆ. “ಮೇಡಂ, ಡೇಟಾಬೇಸ್ ಸರ್ಚ್‌ಗೆ ಏನಾದ್ರೂ ಟಿಪ್ಸ್ ಹೇಳಿ” ಅನ್ನುತ್ತಾರೆ. ಟಿಪ್ಸ್ ಅಂತೆ ಟಿಪ್ಸ್! ಅಡುಗೆಗೆ ಒಗ್ಗರಣೆ ಹಾಕುವುದನ್ನು ಕೇಳಿದ ಹಾಗೆ ಕೇಳುತ್ತಾರೆ. ನನಗೆ ಕೋಪ ಬೇಗ ಬರುತ್ತದೆ, ಅದು ನನ್ನ ಜೊತೆ ಕೆಲಸ ಮಾಡಿದವರಿಗೆಲ್ಲ ಗೊತ್ತು. ಆದರೆ ಆ ಮಕ್ಕಳ ಮೇಲೆ ಕೋಪ ಮಾಡಿಕೊಂಡು ಏನು ಪ್ರಯೋಜನ? ನಾನು ಮಾಡಿದ ಒಂದು ತಪ್ಪನ್ನು ಬರೆದಿಡುತ್ತೇನೆ. ಓದಿಕೊಳ್ಳಲಿ.

ನಾನಿದ್ದದ್ದು ಚಾಮರಾಜನಗರದ ಒಂದು ಆರೋಗ್ಯ ಸಂಶೋಧನಾ ಟ್ರಸ್ಟಿನಲ್ಲಿ. ಅದರ ಹೆಸರು ಇಲ್ಲಿ ಬೇಡ. ಗುಂಡ್ಲುಪೇಟೆಯಲ್ಲಿ ಅದರದೇ ಒಂದು ಚಿಕ್ಕ ಆಸ್ಪತ್ರೆ, ನಗರದಲ್ಲಿ ಕಚೇರಿ ಮತ್ತು ಗ್ರಂಥಾಲಯ. ನನ್ನ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ರಿವ್ಯೂ. ಡಾಕ್ಟರುಗಳು ಒಂದು ಪ್ರಶ್ನೆ ಇಟ್ಟುಕೊಳ್ಳುತ್ತಾರೆ. ಆ ಪ್ರಶ್ನೆಯ ಮೇಲೆ ಲೋಕದಲ್ಲಿ ಯಾರು ಎಲ್ಲಿ ಸಂಶೋಧನೆ ಮಾಡಿ ಲೇಖನ ಬರೆದಿದ್ದರೂ ಅದನ್ನೆಲ್ಲ ಹುಡುಕಿ, ಜರಡಿ ಹಿಡಿದು, ಕೊನೆಗೆ ಒಂದು ಉತ್ತರ ಹೇಳಬೇಕು. ಹುಡುಕಿ ಕೊಡುವ ಭಾಗ ನನ್ನದು. ಸಿಕ್ಕಿದ್ದರಲ್ಲಿ ಕೆಟ್ಟದ್ದಿದ್ದರೆ ಓದುವವರಿಗೆ ಕಾಣುತ್ತದೆ, ತೆಗೆದು ಹಾಕುತ್ತಾರೆ. ಆದರೆ ನಾನು ಬಿಟ್ಟುಬಂದದ್ದು ಯಾರಿಗೂ ಕಾಣುವುದಿಲ್ಲ. ಭಯ ಇರಬೇಕಾದದ್ದು ಅಲ್ಲಿ.

ಈ ಭಯ ಹುಟ್ಟಿಸಿದವರು ನನ್ನ ಮೊದಲ ಸಾಹೇಬರು ನಂಜುಂಡಪ್ಪನವರು. ಆಗ ಕಂಪ್ಯೂಟರ್ ಇರಲಿಲ್ಲ. ಇಟ್ಟಿಗೆಯಂಥ ಸೂಚಿ ಸಂಪುಟಗಳು, ಸಣ್ಣ ಅಕ್ಷರ, ಬೆರಳಿಟ್ಟು ಸಾಲು ಸಾಲು ನೋಡಬೇಕು. ಒಬ್ಬ ಡಾಕ್ಟರು ಕಲ್ಲು ಕೋರೆಯ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಯ ಬಗ್ಗೆ ಲೇಖನ ಕೇಳಿದ್ದರು. ನಾನು ಒಂದೇ ಹೆಸರಿನಡಿ ನೋಡಿ, “ಇಷ್ಟೇ ಇರೋದು ಸಾರ್” ಎಂದು ಅರ್ಧ ಹಾಳೆಯ ಪಟ್ಟಿ ಕೊಟ್ಟೆ. ನಂಜುಂಡಪ್ಪನವರು ಕನ್ನಡಕ ಹಣೆಗೇರಿಸಿದರು.

“ನಿಮ್ಮೂರಲ್ಲಿ ನಿನ್ನ ಏನಂತ ಕರೀತಾರಮ್ಮ?”

“ರತ್ನಿ ಅಂತಾರೆ ಸಾರ್.”

“ಇಲ್ಲಿ ನಾಗರತ್ನ. ನಿನ್ನ ಉಡುಕ್ಕೊಂಡು ಬಂದೋನು ನಿಮ್ಮ ಬೀದೀಲಿ ನಾಗರತ್ನ ಅಂತ ಕೇಳುದ್ರೆ ಸಿಕ್ತೀಯಾ? ಅಂಥೋರು ಯಾರೂ ಇಲ್ಲ ಅಂದ್ಬುಡ್ತಾರೆ. ಓಗು, ಆ ಕಾಯಿಲೆಗೆ ಎಷ್ಟು ಎಸ್ರಿದ್ದಾವೆ ನೋಡ್ಕೊಂಡು ಬಾ.”

ಮೂರು ದಿನ ಮತ್ತೆ ಕೂತೆ. ಪಟ್ಟಿ ಆರು ಹಾಳೆಯಾಯಿತು. ಅವತ್ತು ಮನೆಗೆ ಹೋಗಿ ಅತ್ತಿದ್ದೆ, ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ.

ಅವರು ನನಗೆ ಎರಡು ಅಭ್ಯಾಸ ಹಚ್ಚಿದರು. ಮೊದಲನೆಯದು ಉದ್ದನೆಯ ರೂಲ್ ನೋಟ್‌ಬುಕ್. ಎಲ್ಲಿ ಹುಡುಕಿದೆ, ಯಾವ ಪದಗಳಿಂದ, ಯಾವತ್ತು, ಎಷ್ಟು ಬಂತು, ಏನನ್ನು ಬಿಟ್ಟೆ, ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಎರಡನೆಯದಕ್ಕೆ ನಾನೇ ‘ನೆಂಟರ ಪಟ್ಟಿ’ ಎಂದು ಹೆಸರಿಟ್ಟೆ. ಹುಡುಕಲು ಶುರು ಮಾಡುವ ಮೊದಲೇ, ಈ ವಿಷಯದ ಮೇಲೆ ಇದ್ದೇ ಇವೆ ಎಂದು ಗೊತ್ತಿರುವ ಏಳೆಂಟು ಲೇಖನಗಳನ್ನು ಬರೆದಿಟ್ಟುಕೊಳ್ಳಬೇಕು. ಹುಡುಕಿದ ಮೇಲೆ ಅವೆಲ್ಲ ಬಂದಿವೆಯೇ ಎಂದು ನೋಡಬೇಕು. ಮದುವೆಯಲ್ಲಿ ಹತ್ತಿರದ ನೆಂಟರೇ ಬಂದಿಲ್ಲವೆಂದರೆ ಕರೆಯುವುದರಲ್ಲೇ ಏನೋ ಎಡವಟ್ಟಾಗಿದೆ ಎಂದು ತಾನೇ ಅರ್ಥ?

ಸಂಪುಟಗಳು ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಇಂಟರ್ನೆಟ್ ಬಂತು. ಮೂರು ದಿನದ ಕೆಲಸ ಮೂರು ನಿಮಿಷಕ್ಕೆ ಇಳಿಯಿತು. ನಂಜುಂಡಪ್ಪನವರು ನಿವೃತ್ತರಾಗಿ ಹೋದರು. ಅವರ ಎರಡು ಅಭ್ಯಾಸ ಮಾತ್ರ ನಾನು ಬಿಡಲಿಲ್ಲ. ಅದಕ್ಕೇ ನನಗೆ ಸ್ವಲ್ಪ ಜಂಬವೂ ಇತ್ತು. ರತ್ನಮ್ಮನ ಕಣ್ಣು ತಪ್ಪಿಸಿ ಯಾವ ಲೇಖನವೂ ಹೋಗುವುದಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ.

ನನ್ನ ನಿವೃತ್ತಿಗೆ ಏಳು ತಿಂಗಳಿತ್ತು. ಬೇಗೂರಿನ ಹುಡುಗಿ ಡಾಕ್ಟರ್ ಭಾಗ್ಯ ಗುಂಡ್ಲುಪೇಟೆ ಆಸ್ಪತ್ರೆಗೆ ಸೇರಿ ಒಂದು ವರ್ಷವಾಗಿತ್ತು. ಅವಳ ಅಪ್ಪ ಅಮ್ಮ ಕೂಲಿಯವರು, ಚೆಂಡುಹೂವಿನ ಹೊಲಗಳಲ್ಲಿ ದುಡಿದು ಮಗಳನ್ನು ಓದಿಸಿದವರು. ಅವಳ ರಿವ್ಯೂವಿನ ಪ್ರಶ್ನೆ ಆ ಹೊಲಗಳಿಂದಲೇ ಬಂದದ್ದು. ಹಾವು ಕಚ್ಚಿದೆ ಎಂದು ಬರುತ್ತಾರೆ, ಆದರೆ ಮೈಯಲ್ಲಿ ವಿಷದ ಲಕ್ಷಣ ಏನೂ ಇಲ್ಲ. ಅಂಥವರನ್ನು ಎಷ್ಟು ಹೊತ್ತು ಆಸ್ಪತ್ರೆಯಲ್ಲಿ ಇಟ್ಟುಕೊಂಡು ನೋಡಬೇಕು? ಪೂರ್ತಿ ಒಂದು ದಿನ ಇಡುವುದು ರೂಢಿ. ಜನ ಇರುವುದಿಲ್ಲ, ಜಗಳ ಮಾಡಿ ಹೋಗುತ್ತಾರೆ. ಆಸ್ಪತ್ರೆಯಲ್ಲಿ ಇದ್ದದ್ದೂ ಎಂಟೇ ಹಾಸಿಗೆ. ಅರ್ಧ ದಿನ ಸಾಕೆಂದು ತಿಳಿದರೆ ಎಲ್ಲರಿಗೂ ಅನುಕೂಲ.

ಹುಡುಕಿದೆ. ರಾಶಿ ರಾಶಿ ಬಂತು. ಅದರಲ್ಲಿ ಇಲಿ, ಕುದುರೆ, ನಾಯಿಗಳಿಗೆ ಹಾವಿನ ವಿಷ ಕೊಟ್ಟು ನೋಡಿದ ಲೇಖನಗಳೇ ಹೆಚ್ಚು. ನಮ್ಮ ನಿರ್ದೇಶಕರು ಡಾಕ್ಟರ್ ಗುರುಮಲ್ಲಪ್ಪನವರು ಪಟ್ಟಿಯ ಉದ್ದ ನೋಡಿ, “ಏನ್ರೀ ರತ್ನಮ್ಮ, ಇದನ್ನೆಲ್ಲ ಓದೋಕೆ ಆ ಹುಡುಗಿ ಡಾಕ್ಟರ್ ಕೆಲಸ ಬಿಡ್ಬೇಕಾ? ಕಮ್ಮಿ ಮಾಡಿ” ಎಂದರು. ಡೇಟಾಬೇಸಿನ ಪಕ್ಕದಲ್ಲೇ ಚಿಕ್ಕ ಚೌಕಗಳಿರುತ್ತವೆ. ‘ಮನುಷ್ಯರು ಮಾತ್ರ’ ಎನ್ನುವ ಚೌಕಕ್ಕೆ ಟಿಕ್ ಹಾಕಿದೆ. ಪಟ್ಟಿ ಅರ್ಧಕ್ಕಿಂತ ಕೆಳಗೆ ಬಂತು. ನೆಂಟರ ಪಟ್ಟಿ ತೆಗೆದು ನೋಡಿದೆ, ಎಂಟಕ್ಕೆ ಎಂಟೂ ಬಂದಿದ್ದವು. ನೋಟ್‌ಬುಕ್ಕಿನಲ್ಲಿ ಬರೆದು, ಕಾಫಿ ಕುಡಿಯಲು ಹೋದೆ.

ಭಾಗ್ಯ ಮತ್ತು ಇನ್ನೊಬ್ಬ ಡಾಕ್ಟರು ಎರಡು ತಿಂಗಳು ಕೂತು ಓದಿದರು. ಉತ್ತರ ಬಂತು: ಲಕ್ಷಣವಿಲ್ಲದವರಿಗೆ ಅರ್ಧ ದಿನ ಸಾಕು. ಗುರುಮಲ್ಲಪ್ಪನವರಿಗೆ ಖುಷಿಯೋ ಖುಷಿ. ಲೇಖನ ಅಚ್ಚಾಗುವ ತನಕವೂ ಕಾಯದೆ, ಆ ಸೋಮವಾರದಿಂದಲೇ ನಮ್ಮ ಆಸ್ಪತ್ರೆಯಲ್ಲಿ ಅರ್ಧ ದಿನದ ನಿಯಮ ತಂದರು.

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಆಸ್ಪತ್ರೆಯಿಂದ ಲೀಲಾ ಸಿಸ್ಟರ್ ಫೋನ್ ಮಾಡಿದರು. ಅವರು ಕೇರಳದವರು, ಮೊದಲು ವಯನಾಡಿನ ಕಡೆಯ ಒಂದು ಆಸ್ಪತ್ರೆಯಲ್ಲಿ ಇದ್ದವರು.

“ಮೇಡಂ, ಬೇಗೂರು ಹತ್ತಿರದ ಒಬ್ರು ಬಂದಿದ್ದಾರೆ, ಮಹದೇವಮ್ಮ ಅಂತ. ಬೆಳಿಗ್ಗೆ ನೆಲದಲ್ಲಿ ಮಲಗಿದ್ದಾಗ ಹಾವು ಕಚ್ಚಿದ್ದು. ಏನೂ ಇಲ್ಲ, ಚೆನ್ನಾಗಿ ಮಾತಾಡ್ತಿದ್ದಾರೆ. ಸಂಜೆ ಆರೂವರೆಗೆ ಕಳಿಸ್ಬೇಕು, ಹೊಸ ರೂಲ್ ಅಲ್ವಾ. ಅದಕ್ಕೆ ಒಂದು ಕೇಳೋಣ ಅಂತ. ವಯನಾಡಲ್ಲಿ ನಮ್ಮ ಡಾಕ್ಟರ್ ಈಚೆಗೆ ಒಂದು ಪೇಪರ್ ಬರೆದಿದ್ದರು. ಅರ್ಧ ದಿನ ಚೆನ್ನಾಗಿದ್ದು ಆಮೇಲೆ ವಿಷ ಏರಿ ಕಣ್ಣಿನ ರೆಪ್ಪೆ ಜೋತುಬಿದ್ದವರ ಬಗ್ಗೆ. ಅದು ನಿಮ್ಮ ಲಿಸ್ಟಲ್ಲಿ ಇರ್ಬೇಕಲ್ಲ? ಒಂದು ಪ್ರಿಂಟ್ ಕಳಿಸ್ತೀರಾ?”

“ಇದ್ದೇ ಇರುತ್ತೆ ಸಿಸ್ಟರ್, ಕಳಿಸ್ತೀನಿ” ಎಂದೆ, ಅಷ್ಟೊಂದು ಜಂಬದಿಂದ.

ಪಟ್ಟಿಯಲ್ಲಿ ಹುಡುಕಿದೆ. ಇಲ್ಲ. ಬರೆದವರ ಹೆಸರಿನಿಂದ ನೋಡಿದೆ. ಇಲ್ಲ. ಡೇಟಾಬೇಸಿಗೆ ಹೋಗಿ ಹೆಸರು ಹಾಕಿದೆ. ಮೊದಲ ಸಾಲಿನಲ್ಲೇ ಕೂತಿದೆ! ಡೇಟಾಬೇಸಿನಲ್ಲಿ ಇರುವ ಲೇಖನ ನನ್ನ ಪಟ್ಟಿಗೆ ಯಾಕೆ ಬರಲಿಲ್ಲ? ನೋಟ್‌ಬುಕ್ ತೆಗೆದು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಬಂದೆ. ಪದಗಳು ಸರಿ. ಜೋಡಣೆ ಸರಿ. ಕೊನೆಯ ಸಾಲಿನಲ್ಲಿ ನನ್ನದೇ ಅಕ್ಷರ: ‘ಮನುಷ್ಯರು ಮಾತ್ರ — ಟಿಕ್.’

ಮಕ್ಕಳೇ, ಇದನ್ನು ಗಮನವಿಟ್ಟು ಓದಿ. ಡೇಟಾಬೇಸಿಗೆ ಬರುವ ಪ್ರತಿ ಲೇಖನಕ್ಕೂ ಆಮೇಲೆ ಚೀಟಿ ಅಂಟಿಸುತ್ತಾರೆ. ಇದು ಮನುಷ್ಯರದ್ದು, ಇದು ಪ್ರಾಣಿಯದ್ದು ಎಂದು. ಹೊಸದಾಗಿ ಬಂದ ಲೇಖನಗಳಿಗೆ ಚೀಟಿ ಬೀಳಲು ಸಮಯ ಹಿಡಿಯುತ್ತದೆ, ಕೆಲವಕ್ಕೆ ಬೀಳುವುದೇ ಇಲ್ಲ. ಆ ಚೌಕಕ್ಕೆ ಟಿಕ್ ಹಾಕಿದರೆ ಯಂತ್ರ ‘ಮನುಷ್ಯ’ ಎಂಬ ಚೀಟಿ ಇರುವುದನ್ನು ಮಾತ್ರ ಒಳಗೆ ಬಿಡುತ್ತದೆ. ಚೀಟಿ ಇಲ್ಲದ ಹೊಸಬರೆಲ್ಲ ಹೊರಗೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಬೇರೆಯವರಿಗೆ ಪಾಠ ಹೇಳಿದವಳು ನಾನು. ಪಟ್ಟಿ ಚಿಕ್ಕದು ಮಾಡುವ ಅವಸರದಲ್ಲಿ ಮರೆತೆ. ನೆಂಟರ ಪಟ್ಟಿಯೂ ನನ್ನನ್ನು ಕಾಯಲಿಲ್ಲ. ಯಾಕೆಂದರೆ ನಾನು ಬರೆದಿಟ್ಟುಕೊಂಡಿದ್ದ ಎಂಟೂ ಹಳೆಯ ಲೇಖನಗಳು. ಹಳೆಯ ನೆಂಟರೆಲ್ಲ ಬಂದರು ಎಂದು ನಾನು ಬಾಗಿಲು ಹಾಕಿಕೊಂಡೆ.

ಟಿಕ್ ತೆಗೆದೆ. ಅದರ ಬದಲು, ‘ಪ್ರಾಣಿ’ ಎಂಬ ಚೀಟಿ ಇದ್ದು ‘ಮನುಷ್ಯ’ ಎಂಬ ಚೀಟಿ ಇಲ್ಲದವನ್ನು ಮಾತ್ರ ಹೊರಗೆ ಹಾಕು ಎಂದು ಬರೆದೆ. ಹಾಗೆ ಬರೆದರೆ ಚೀಟಿ ಇಲ್ಲದವು ಉಳಿದುಕೊಳ್ಳುತ್ತವೆ. ಹೊಸದಾಗಿ ಮೂವತ್ತೇಳು ಲೇಖನ ಬಂದವು. ಸಾರಾಂಶಗಳನ್ನು ಓದುತ್ತಾ ಹೋದೆ. ಮೂವತ್ತಮೂರು ನಮಗೆ ಸಂಬಂಧವಿಲ್ಲದವು. ಉಳಿದ ನಾಲ್ಕೂ ಒಂದೇ ಮಾತು ಹೇಳುತ್ತಿದ್ದವು: ಅರ್ಧ ದಿನ ಚೆನ್ನಾಗಿದ್ದವರಲ್ಲಿ ಕೆಲವರಿಗೆ ಆಮೇಲೆ ವಿಷ ಏರಿದೆ.

ಗಡಿಯಾರ ನೋಡಿದೆ. ಮೂರೂವರೆ.

ಒಂದು ಮಾತು ಹೇಳಿಬಿಡುತ್ತೇನೆ. ‘ಯಾರಿಗೂ ಗೊತ್ತಾಗುವುದಿಲ್ಲ’ ಎಂಬ ಯೋಚನೆ ಬಂತು. ಇನ್ನು ನಾಲ್ಕೈದು ತಿಂಗಳು ಕಳೆದರೆ ಶಾಲು ಹೊದಿಸಿ ಕಳಿಸುತ್ತಾರೆ, ಲೀಲಾಗೆ ‘ತಡವಾಗಿ ಬಂದ ಲೇಖನ’ ಎಂದು ಹೇಳಿದರೆ ಆಯಿತು. ಬಂದದ್ದು ಒಂದು ಕ್ಷಣ, ಆದರೂ ಬಂತು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಫೋನ್ ತೆಗೆದುಕೊಂಡೆ.

“ಭಾಗ್ಯ, ಆ ಮಹದೇವಮ್ಮನ್ನ ಕಳಿಸ್ಬೇಡ ಕಣಮ್ಮಿ. ಸರ್ಚ್ ತಪ್ಪಾಗಿದೆ. ನಾನೇ ತಪ್ಪು ಮಾಡಿದ್ದೀನಿ.”

ಎರಡು ತಿಂಗಳು ಅವಳು ಓದಿದ್ದು, ಬರೆದದ್ದು ಎಲ್ಲ ಅವಳ ಕಣ್ಣ ಮುಂದೆ ಬಂದಿರಬೇಕು. ಮೆಲ್ಲಗೆ ಹೇಳಿದಳು. “ಮೇಡಂ, ಡೈರೆಕ್ಟರ್ ಸರ್ ರೂಲ್ ಅದು. ಅವ್ರು ಹೇಳ್ದೆ ನಾನು ಇಟ್ಕೊಳ್ಳೋಕಾಗಲ್ಲ. ಆಯಮ್ಮ ಬೇರೆ ಈಗಲೇ ಬ್ಯಾಗು ಮಡ್ಲಲ್ಲಿ ಇಟ್ಕೊಂಡು ಕೂತವ್ಳೆ. ಸರ್ ಫೋನು ಎತ್ತುತಾ ಇಲ್ಲ.”

ಗುರುಮಲ್ಲಪ್ಪನವರು ಬದನಗುಪ್ಪೆ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಕಾರ್ಮಿಕರ ತಪಾಸಣೆಯ ಮಾತುಕತೆಗೆ ಹೋಗಿದ್ದರು. ಮೀಟಿಂಗಿಗೆ ಕೂತರೆ ಫೋನ್ ಬಂದ್. ನಾಲ್ಕೂ ಲೇಖನಗಳ ಪ್ರಿಂಟ್ ತೆಗೆದೆ. ಪ್ರಿಂಟರು ಮೂರನೆಯದರಲ್ಲಿ ಹಾಳೆ ಕಚ್ಚಿಕೊಂಡು ನಿಂತಿತು. ಅದಕ್ಕೆ ಎರಡು ಏಟು ಹಾಕಿ, ಹಾಳೆ ಕಿತ್ತು, ಆಟೋ ಹಿಡಿದೆ. ದಾರಿಯುದ್ದಕ್ಕೂ ಆಟೋದವನಿಗೆ “ಬೇಗ ಓಡ್ಸಪ್ಪ, ಬೇಗ ಓಡ್ಸಪ್ಪ” ಅನ್ನುತ್ತಲೇ ಇದ್ದೆ. ಅವನು ಕೊನೆಗೆ ತಿರುಗಿ, “ಯಾರ್ಗವ್ವ ಸೀರಿಯಸ್ಸು?” ಎಂದು ಕೇಳಿದ. “ಒಬ್ಬ ಹೆಂಗಸಿಗೆ ಕಣಪ್ಪ” ಎಂದೆ. ಅವಳನ್ನು ನಾನು ಕಣ್ಣಲ್ಲಿ ನೋಡಿಯೇ ಇರಲಿಲ್ಲ.

ಗೇಟಿನಲ್ಲಿ ಸೆಕ್ಯೂರಿಟಿಯವನು ಬಿಡಲಿಲ್ಲ. ಜಗಳ ಮಾಡಿದೆ. ಒಳಗೆ ಹೇಳಿ ಕಳಿಸಿ, ಅವರು ಹೊರಗೆ ಬರುವಷ್ಟರಲ್ಲಿ ಐದೂಮುಕ್ಕಾಲು. ಮುಖ ಸಿಡುಕಿಕೊಂಡೇ ಬಂದರು. ನಿಂತಲ್ಲೇ ಎಲ್ಲ ಹೇಳಿದೆ. ಪ್ರಿಂಟು ಕೈಗೆ ಕೊಟ್ಟೆ. ಅವರು ಓದಲಿಲ್ಲ.

“ಈಗ ಬಂದು ಹೇಳ್ತೀರೇನ್ರೀ ಇದನ್ನ? ಊರಿಗೆಲ್ಲ ಹೇಳಿದ್ದೀನಿ ಅರ್ಧ ದಿನ ಸಾಕು ಅಂತ. ನಿಮ್ಮ ತಪ್ಪಿಗೆ ನಾನು ತಲೆ ತಗ್ಗಿಸ್ಬೇಕಾ?”

“ತಲೆ ನಾನು ತಗ್ಗಿಸ್ತೀನಿ ಸಾರ್. ಬರೆದು ಕೊಡ್ತೀನಿ ಬೇಕಾದ್ರೆ. ಆಯಮ್ಮನ್ನ ಮಾತ್ರ ಕಳಿಸ್ಬೇಡಿ.”

“ಏನೂ ಲಕ್ಷಣ ಇಲ್ಲ ಅಂತ ಹೇಳ್ತಿದ್ದಾರಲ್ರೀ!”

“ಈ ನಾಲ್ಕರಲ್ಲಿರೋರಿಗೂ ಇರಲಿಲ್ಲ ಸಾರ್!”

ನನ್ನ ದನಿ ಎಷ್ಟು ಏರಿತ್ತೆಂದರೆ ಸೆಕ್ಯೂರಿಟಿಯವನು ಹತ್ತಿರ ಬಂದ. ನಾನು ಅದುವರೆಗೆ ಯಾವ ಸಾಹೇಬರ ಮುಂದೆಯೂ ಹಾಗೆ ಕೂಗಿದವಳಲ್ಲ. ಗುರುಮಲ್ಲಪ್ಪನವರು ನನ್ನನ್ನೇ ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡು ಅಲ್ಲೇ ಬಿಸಿಲಲ್ಲಿ ನಿಂತು ಮೊದಲ ಲೇಖನ ಓದಿದರು. ಎರಡನೆಯದನ್ನೂ ಓದಿದರು. ಅವರ ಒಳ್ಳೆಯ ಗುಣವನ್ನೂ ಹೇಳಬೇಕು: ಕೋಪ ಎಷ್ಟಿದ್ದರೂ ಓದಿದ್ದನ್ನು ಓದಿಲ್ಲ ಅನ್ನುವವರಲ್ಲ. ಮೂರನೆಯದನ್ನು ತೆಗೆಯದೆ ಫೋನ್ ಆನ್ ಮಾಡಿ ಭಾಗ್ಯಳಿಗೆ ಮಾಡಿದರು. “ಪೂರ್ತಿ ದಿನ ಇಡಮ್ಮ. ಹೊಸ ರೂಲು ನಿಲ್ಲಿಸು” ಎಂದರು. ಆ ಕಡೆಯಿಂದ ಅವಳು ಏನೋ ಹೇಳಿದಳು. ಇವರ ಮುಖ ಬದಲಾಯಿತು.

“ಹೋಗ್ಬಿಟ್ಟಿದ್ದಾರಂತೆ.”

ಬೇಗೂರು ಕಡೆಯ ಬಸ್ಸು ತಪ್ಪುತ್ತದೆಂದು ಮಹದೇವಮ್ಮ ಯಾರಿಗೂ ಹೇಳದೆ ಎದ್ದು ಹೋಗಿದ್ದಳು. ಲೀಲಾ ಸಿಸ್ಟರ್ ಆಸ್ಪತ್ರೆಯ ಸೀರೆಯಲ್ಲೇ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿಗೆ ಓಡಿದರು. ಆಮೇಲಿನ ಇಪ್ಪತ್ತು ನಿಮಿಷ ನಾನು ಫ್ಯಾಕ್ಟರಿಯ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತಿದ್ದೆ. ನಿರ್ದೇಶಕರೂ ಮೀಟಿಂಗಿಗೆ ವಾಪಸು ಹೋಗದೆ ಅಲ್ಲೇ ಅಡ್ಡಾಡುತ್ತಿದ್ದರು. ಹೆದರಿದ್ದೆ. ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಹೆದರಿದ್ದು ಅದೊಂದೇ ಸಲ. ಒಂದು ಟಿಕ್ಕಿಗೆ ಒಂದು ಜೀವ ಹೋಗುತ್ತದೆ ಎಂದು ಯಾವ ಪುಸ್ತಕದಲ್ಲೂ ನನಗೆ ಯಾರೂ ಬರೆದು ಹೇಳಿರಲಿಲ್ಲ.

ಫೋನ್ ಬಂತು. ಲೀಲಾ ಏದುಸಿರು ಬಿಡುತ್ತಿದ್ದರು. “ಸಿಕ್ಕಿದ್ರು ಮೇಡಂ. ಸೀಟಲ್ಲಿ ಕೂತ್ಬಿಟ್ಟಿದ್ರು. ಇಳೀತಾ ಇಲ್ಲ, ಬೈತಾ ಇದ್ದಾರೆ.” ಹಿಂದೆ ಬಸ್ಸಿನ ಹಾರನ್ನು, ಅದರ ಮೇಲೆ ಒಂದು ಹೆಣ್ಣು ದನಿ: “ಬುಡವ್ವ ನನ್ನ! ಏನೂ ಆಗ್ನಿಲ್ಲ ಅಂದ್ಮೇಲೆ ಯಾಕವ್ವ ಎಳೀತೀಯೆ? ಗೆಜ್ಜೆ ಕಟ್ದಂಗೆ ಕುಣೀತೀನಿ, ನೋಡ್ತೀಯಾ?” ಕಂಡಕ್ಟರು, ಪ್ರಯಾಣಿಕರು, ಎಲ್ಲ ಸೇರಿ ಇಳಿಸಿದರಂತೆ.

ಆ ರಾತ್ರಿ ಭಾಗ್ಯ, ಲೀಲಾ ಇಬ್ಬರೂ ಮನೆಗೆ ಹೋಗಲಿಲ್ಲ. ಬೆಳಿಗ್ಗೆ ಆರೂವರೆಗೆ ಭಾಗ್ಯಳ ಫೋನು. “ಏನೂ ಆಗ್ಲಿಲ್ಲ ಮೇಡಂ. ರೆಪ್ಪೆ ಬೀಳ್ಲಿಲ್ಲ, ಉಸಿರು ಕಟ್ಟಲಿಲ್ಲ. ರಾತ್ರಿಯೆಲ್ಲ ಗೊರಕೆ. ಎದ್ದು ಮತ್ತೆ ನಮಗೆಲ್ಲ ಬೈದು ಹೋದ್ಲು.”

ಹೌದು, ಮಹದೇವಮ್ಮನಿಗೆ ಏನೂ ಆಗಲಿಲ್ಲ. ಕಚ್ಚಿದ ಹಾವು ವಿಷ ಬಿಟ್ಟಿರಲಿಲ್ಲ. ನನ್ನ ಟಿಕ್ಕು ಹಾಗೇ ಇದ್ದಿದ್ದರೂ ಅವಳು ಚೆನ್ನಾಗಿಯೇ ಇರುತ್ತಿದ್ದಳು. ಗುರುಮಲ್ಲಪ್ಪನವರು ಮರುದಿನ ಇದನ್ನೇ ಹೇಳಿದರು, “ನೋಡಿದ್ರಾ, ಸುಮ್ನೆ ಊರೆಲ್ಲ ಓಡಿಸಿದ್ರಿ.” ಆದರೆ ಅವರು ಅರ್ಧ ದಿನದ ನಿಯಮವನ್ನು ಮತ್ತೆ ತರಲಿಲ್ಲ. ಭಾಗ್ಯ ಎಲ್ಲವನ್ನೂ ಮೊದಲಿಂದ ಓದಿದಳು. ಒಂದು ದಿನವೂ ನನ್ನ ಮೇಲೆ ಮುನಿಸಿಕೊಳ್ಳಲಿಲ್ಲ. ಉತ್ತರ ಬದಲಾಯಿತು: ಪೂರ್ತಿ ದಿನ ಇಡಬೇಕು. ‘ಮೊದಲ ಹುಡುಕಾಟದಲ್ಲಿ ಗ್ರಂಥಪಾಲಕಿಯ ತಪ್ಪಿನಿಂದ ಹೊಸ ಲೇಖನಗಳು ಬಿಟ್ಟುಹೋಗಿದ್ದವು’ ಎಂಬ ಸಾಲು ರಿವ್ಯೂವಿನಲ್ಲಿ ಇರಲೇಬೇಕೆಂದು ನಾನು ಹಟ ಹಿಡಿದೆ. ಭಾಗ್ಯ ಬೇಡವೆಂದಳು. ಬರೆಸಿದೆ. ಅವತ್ತಿನಿಂದ ನನ್ನ ನೆಂಟರ ಪಟ್ಟಿಯಲ್ಲಿ ಕಡೇಪಕ್ಷ ಎರಡಾದರೂ ಇತ್ತೀಚಿನ ಲೇಖನಗಳಿರುತ್ತಿದ್ದವು. ನೀವೂ ಹಾಗೆ ಮಾಡಿ. ಈಗ ಪಟ್ಟಿಯನ್ನು ತಾನೇ ಜರಡಿ ಹಿಡಿದು ಕೊಡುವ ಯಂತ್ರಗಳು ಬಂದಿವೆಯಂತೆ. ಬರಲಿ. ಅದು ಯಾರನ್ನು ಹೊರಗೆ ನಿಲ್ಲಿಸಿದೆ ಎಂದು ಕೇಳುವ ಕೆಲಸ ನಿಮ್ಮದೇ.

ನಿವೃತ್ತಿಗೆ ಹತ್ತು ದಿನ ಇರುವಾಗ ಭಾಗ್ಯಳ ಮನೆಗೆ ಊಟಕ್ಕೆಂದು ಬೇಗೂರಿಗೆ ಹೋಗಿದ್ದೆ. ವಾಪಸು ಬರಲು ಬಸ್ ಸ್ಟಾಪಿಗೆ ಅವಳೂ ಬಂದಳು. ಅಲ್ಲಿ ಹೂವಿನ ಚೀಲ ಇಳಿಸಿಕೊಂಡು ಕೂತಿದ್ದ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಅವಳನ್ನು ನೋಡಿ ಎದ್ದಳು. “ಡಾಕ್ಟ್ರವ್ವ, ಅವತ್ತು ನನ್ನ ಬಸ್ಸಿಂದ ಇಳ್ಸುದ್ರಲ್ಲ, ಅದ್ಯಾರೋ ನಗರ್ದಿಂದ ಫೋನ್ ಮಾಡಿದ್ರು ಅಂದ್ರಲ್ಲ, ಯಾರವ್ವ ಅವ್ರು? ಒಸಿ ತೋರ್ಸು.”

ಭಾಗ್ಯ ನನ್ನ ಕಡೆ ನೋಡಿದಳು.

“ನಾನೇ ಕಣಮ್ಮ” ಎಂದೆ.

ಮಹದೇವಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಸೊಂಟಕ್ಕೆ ಕೈ ಇಟ್ಟಳು. ಶುರು ಮಾಡಿದಳು. ಅವತ್ತು ರಾತ್ರಿ ಅವಳ ಮೊಮ್ಮಗಳ ಕಿವಿ ಚುಚ್ಚಿಸಿದ ಊಟವಿತ್ತಂತೆ. ಎಲ್ಲರೂ ಹೋಗಿ ಉಂಡು ಬಂದರಂತೆ, ಅಜ್ಜಿ ಒಬ್ಬಳೇ ಆಸ್ಪತ್ರೆಯ ಇಡ್ಲಿ ತಿಂದಳಂತೆ. ಏನೂ ಆಗದವಳನ್ನು ಇಡೀ ದಿನ ಮಲಗಿಸಲು ನನಗೆ ಯಾರು ಅಧಿಕಾರ ಕೊಟ್ಟರು, ಓದಿದವರಿಗೆ ಅಷ್ಟೂ ತಿಳಿಯಬಾರದಾ, ನನಗೆ ಮನೆ ಮಕ್ಕಳು ಇಲ್ಲವಾ! ಸುತ್ತ ಜನ ಸೇರಿದರು. ಭಾಗ್ಯ ಮಧ್ಯೆ ಬಂದು, “ಅಂಗಲ್ಲ ಕಣಮ್ಮ, ಮೇಡಂ ನಿನ್ ಒಳ್ಳೇದುಕ್ಕೇ...” ಎಂದು ಶುರು ಮಾಡಿದಳು. ನಾನು ಅವಳ ಕೈ ಹಿಡಿದು ಸುಮ್ಮನಾಗಿಸಿದೆ.

ಎಷ್ಟೋ ಸಾಹೇಬರಿಂದ ಬೈಸಿಕೊಂಡಿದ್ದೇನೆ. ಒಂದೊಂದಕ್ಕೂ ಎದುರು ಉತ್ತರ ಹುಡುಕುತ್ತಾ ವಾರಗಟ್ಟಲೆ ಕುದಿದಿದ್ದೇನೆ. ಅವತ್ತು ಆ ಹೆಂಗಸು ಉಸಿರು ತೆಗೆದುಕೊಳ್ಳಲೂ ನಿಲ್ಲದೆ ಬೈಯುತ್ತಿದ್ದಳು. ಅವಳ ಕಣ್ಣಿನ ರೆಪ್ಪೆಗಳು ಪಟಪಟ ಬಡಿಯುತ್ತಿದ್ದವು. ನಾನು ಅವನ್ನೇ ನೋಡುತ್ತಾ ನಿಂತೆ. ನನ್ನ ಬಸ್ಸು ಬಂತು, ಹೋಯಿತು. ಇನ್ನೂ ಸ್ವಲ್ಪ ಬೈಯಲಿ ಅನ್ನಿಸಿತು.